ಕಾಲಿನಿಂದ ಒತ್ತಿದ ಗುಂಡಿಯೂ ಗುಂಡಿಯೇ: ಇ-ಕ್ರೀಡಾ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯದಲ್ಲಿ ಇ-ಕ್ರೀಡಾ (ವಿಡಿಯೋ ಗೇಮ್) ಪಂದ್ಯಾವಳಿಗಳನ್ನು ನಡೆಸುವ ಎಲ್ಲ ಸಂಘಟಕರಿಗೆ,
ಹಾಗೂ
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಾನ್ಯ ಸಚಿವರಿಗೆ

ವಿಷಯ: ಅಂಗವಿಕಲ ಆಟಗಾರರು ತಮ್ಮ ಅಡಾಪ್ಟಿವ್ ಕಂಟ್ರೋಲರ್‌ಗಳೊಂದಿಗೆ (ತಮ್ಮ ದೇಹಕ್ಕೆ ಹೊಂದಿಸಿಕೊಂಡ ಆಟದ ಸಾಧನಗಳೊಂದಿಗೆ) ಸ್ಪರ್ಧಿಸಲು ನಿಯಮಾವಳಿಯಲ್ಲಿಯೇ ಅವಕಾಶ ಕಲ್ಪಿಸುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲೊಬ್ಬರು ಬೆಂಗಳೂರಿನಲ್ಲಿ ನಡೆಸಿದ ಪಂದ್ಯಾವಳಿಯಿಂದ ನಾನು ಆಡದೆಯೇ ಶಿವಮೊಗ್ಗಕ್ಕೆ ಮರಳಿದೆ. ಆಡಿ ಸೋತಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಸೋಲು ನನಗೆ ಹೊಸದಲ್ಲ. ರಾತ್ರಿ ಕೆಲಸ ಮುಗಿಸಿ ಹತ್ತು ಪಂದ್ಯ ಆಡಿದರೆ ಐದಾರರಲ್ಲಿ ಸೋಲುತ್ತೇನೆ, ಮರುದಿನ ಮತ್ತೆ ಕೂರುತ್ತೇನೆ. ಆದರೆ ಸೋಲುವ ಅವಕಾಶವನ್ನೂ ಕೊಡದೆ ಕಳುಹಿಸಿದ್ದು ಇದೇ ಮೊದಲು. ಆ ಸಂಘಟಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನನ್ನೊಂದಿಗೆ ಒರಟಾಗಿ ಮಾತನಾಡಲಿಲ್ಲ. ಅವರ ಕೈಯಲ್ಲಿದ್ದ ಎರಡು ಪುಟಗಳ ನಿಯಮಾವಳಿಯಲ್ಲಿ ನನ್ನಂಥವರ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ, ಅಷ್ಟೇ. ಆ ಸಾಲು ಇಲ್ಲದ ಕಾರಣಕ್ಕೇ ನಾನು ಹೊರಗುಳಿದೆ. ಆ ಸಾಲನ್ನು ಸೇರಿಸಿ ಎಂದು ಕೇಳುವುದಕ್ಕಾಗಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನನ್ನ ಕೈಯ ವಿಚಾರ ಹೇಳಿಬಿಡುತ್ತೇನೆ. 2019ರ ಮಳೆಗಾಲದಲ್ಲಿ ತರೀಕೆರೆಯಿಂದ ಬರುವಾಗ ಬೈಕ್ ಜಾರಿ ಬಿದ್ದೆ. ತಲೆಗೆ ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಆದರೆ ಎಡಭುಜ ನೆಲಕ್ಕೆ ಅಪ್ಪಳಿಸಿ ಕತ್ತು ಇನ್ನೊಂದು ಬದಿಗೆ ಹೊರಳಿದ ರಭಸಕ್ಕೆ, ಕತ್ತಿನ ಬಳಿ ಬೆನ್ನುಹುರಿಯಿಂದ ಹೊರಟು ತೋಳಿಗೆ ಇಳಿಯುವ ನರಗಳ ಗುಚ್ಛ ಹರಿದುಹೋಯಿತು. ವೈದ್ಯರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಗಾಯ ಎನ್ನುತ್ತಾರೆ. ಬೈಕಿನಿಂದ ಬಿದ್ದವರಿಗೆ ಈ ಗಾಯ ಆಗುವುದು ಅಪರೂಪವಲ್ಲ. ಫಿಸಿಯೋಥೆರಪಿಯ ಕೋಣೆಯ ಹೊರಗೆ ನನ್ನ ಹಾಗೆಯೇ ತೋಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಕುಳಿತ ಹುಡುಗರನ್ನು ಅಲ್ಲಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಶಸ್ತ್ರಚಿಕಿತ್ಸೆಯಾಯಿತು, ಎರಡು ವರ್ಷ ವ್ಯಾಯಾಮವಾಯಿತು. ಈಗ ಎಡ ಮೊಣಕೈ ಅಷ್ಟಿಷ್ಟು ಮಡಚುತ್ತದೆ. ಬೆರಳುಗಳು ಅಲುಗುವುದಿಲ್ಲ. ಬಲಗೈ ಮತ್ತು ಎರಡೂ ಕಾಲುಗಳು ಸಂಪೂರ್ಣ ಸರಿಯಾಗಿವೆ.

ಅಪಘಾತಕ್ಕೆ ಮೊದಲು ನಾನು ಕಾಲೇಜಿನ ಷಟಲ್ ತಂಡದಲ್ಲಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೆಂಟರಿಷ್ಟರೆಲ್ಲ ಹೇಳಿದ್ದು ಒಂದೇ ಮಾತು: ಕೂತು ಆಡುವ ಆಟ ಆಡು, ಚೆಸ್ ಕಲಿ, ಕೇರಂ ಇದೆಯಲ್ಲ. ಅವರೆಲ್ಲರ ಮನಸ್ಸು ಒಳ್ಳೆಯದೇ. ಚೆಸ್ ಬಗ್ಗೆ ನನಗೂ ಗೌರವವಿದೆ. ಆದರೆ ನಾನು ಕಳೆದುಕೊಂಡದ್ದು ಆಟವನ್ನಲ್ಲ, ವೇಗವನ್ನು. ಎದುರಾಳಿ ಕೈ ಎತ್ತುವುದರೊಳಗೆ ಕಾಕ್ ಎಲ್ಲಿ ಬೀಳುತ್ತದೆಂದು ಊಹಿಸಿ ಅಲ್ಲಿಗೆ ಕಾಲು ಹಾಕುತ್ತಿದ್ದೆನಲ್ಲ, ಆ ಅರೆಗಳಿಗೆಯನ್ನು. ಅದು ನನಗೆ ಮತ್ತೆ ಸಿಕ್ಕಿದ್ದು ಫೈಟಿಂಗ್ ಆಟದಲ್ಲಿ, ಎಂದರೆ ಪರದೆಯ ಮೇಲೆ ಇಬ್ಬರ ಪಾತ್ರಗಳು ಎದುರುಬದುರಾಗಿ ಹೊಡೆದಾಡುವ ವಿಡಿಯೋ ಗೇಮಿನಲ್ಲಿ. ನಾನು ಆಡುವುದು 2023ರ ಜೂನ್‌ನಲ್ಲಿ ಬಿಡುಗಡೆಯಾದ ಸ್ಟ್ರೀಟ್ ಫೈಟರ್ 6. ಅದು ಸೆಕೆಂಡಿಗೆ 60 ಫ್ರೇಮ್‌ಗಳ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಫ್ರೇಮ್ ಎಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಹಗುರವಾದ ಒಂದು ಗುದ್ದು ನಾಲ್ಕು ಫ್ರೇಮ್‌ಗಳಲ್ಲಿ ತಲುಪಿಬಿಡುತ್ತದೆ. ಕಣ್ಣಿನಿಂದ ನೋಡಿ ತಡೆಯಲು ಯಾರಿಂದಲೂ ಆಗುವುದಿಲ್ಲ, ಎರಡು ಕೈ ಇದ್ದವರಿಂದಲೂ ಆಗುವುದಿಲ್ಲ. ಎದುರಾಳಿಯ ಮನಸ್ಸನ್ನು ಮುಂಚೆಯೇ ಓದಬೇಕು. ಡ್ರೈವ್ ಇಂಪ್ಯಾಕ್ಟ್ ಎಂಬ ದೊಡ್ಡ ಹೊಡೆತಕ್ಕೆ 26 ಫ್ರೇಮ್ ಬೇಕು, ಎಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಅದನ್ನು ಕಂಡು ತಿರುಗೇಟು ಕೊಟ್ಟ ಕ್ಷಣದಲ್ಲಿ ನನ್ನ ಮೈಯೆಲ್ಲ ಎಚ್ಚರವಾಗಿರುತ್ತದೆ. ಷಟಲ್ ಅಂಕಣದ ನಂತರ ಆ ಅನುಭವ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ನನ್ನ ಸಾಧನದ ವಿಚಾರ. ತಗಾದೆ ಎದ್ದದ್ದು ಅದರ ಮೇಲೆಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೈಕ್ರೋಸಾಫ್ಟ್ ಸಂಸ್ಥೆ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಅನ್ನು ಮಾರುಕಟ್ಟೆಗೆ ತಂದಿತು. ಚಪ್ಪಟೆಯಾದ ಬಿಳಿಯ ಹಲಗೆಯಂಥ ವಸ್ತು. ಮೇಲೆ ಎರಡು ದೊಡ್ಡ ಕಪ್ಪು ಗುಂಡಿಗಳು. ಅದರ ನಿಜವಾದ ಉಪಯೋಗ ಇರುವುದು ಹಿಂಬದಿಯಲ್ಲಿ: ಅಲ್ಲಿ ಸಾಲಾಗಿ 3.5 ಮಿಲಿಮೀಟರಿನ 19 ಜ್ಯಾಕ್‌ಗಳಿವೆ, ಹಳೆಯ ಇಯರ್‌ಫೋನ್ ಚುಚ್ಚುತ್ತಿದ್ದೆವಲ್ಲ, ಅದೇ ಅಳತೆಯವು. ಮಾಮೂಲಿ ಕಂಟ್ರೋಲರಿನಲ್ಲಿ ಇರುವ ಪ್ರತಿಯೊಂದು ಗುಂಡಿಗೂ ಇಲ್ಲೊಂದು ಜ್ಯಾಕ್. ಅದಕ್ಕೆ ಯಾವ ಸ್ವಿಚ್ ಬೇಕಾದರೂ ಜೋಡಿಸಿ, ಮೊಣಕೈಯಿಂದ, ಗಲ್ಲದಿಂದ, ಹಿಮ್ಮಡಿಯಿಂದ, ನಿಮಗೆ ಎಲ್ಲಿ ಬಲವಿದೆಯೋ ಅಲ್ಲಿಂದ ಒತ್ತಬಹುದು. ಅದರ ಪೆಟ್ಟಿಗೆಯನ್ನು ಕೂಡ ಹಲ್ಲಿನಿಂದ ಕಚ್ಚಿ ಹರಿಯುವ ಅಗತ್ಯವಿಲ್ಲದಂತೆ, ಕುಣಿಕೆಗೆ ಬೆರಳು ತೂರಿಸಿ ಎಳೆದರೆ ಬಿಚ್ಚಿಕೊಳ್ಳುವಂತೆ ಮಾಡಿದ್ದಾರೆ. ಒಂದು ಕೈಯವನು ಪೆಟ್ಟಿಗೆ ಬಿಚ್ಚುವುದು ಹೇಗೆ ಎಂದು ಯಾರೋ ಎಲ್ಲಿಯೋ ಕುಳಿತು ಯೋಚಿಸಿದ್ದಾರಲ್ಲ ಎಂದು ಅವತ್ತು ನನಗೆ ಗಂಟಲು ಕಟ್ಟಿತ್ತು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬರುವಾಗ ತಂದುಕೊಟ್ಟ. 2018ರಲ್ಲಿ ಬಂದಾಗ ಅಲ್ಲಿ ಅದರ ಬೆಲೆ ನೂರು ಡಾಲರ್ ಇತ್ತು.

ಸ್ವಿಚ್‌ಗಳಿಗೆ ಕೊಡಲು ನನ್ನಲ್ಲಿ ಹಣವಿರಲಿಲ್ಲ. ಕಂಪನಿಯ ಸ್ವಿಚ್‌ಗಳಿಗೆ ಒಂದೊಂದಕ್ಕೂ ಸಾವಿರಾರು ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕರೆಗಂಟೆಯ ಗುಂಡಿಗಳನ್ನು, ಜ್ಯಾಕ್‌ಗಳನ್ನು, ಒಂದಷ್ಟು ತಂತಿಯನ್ನು ಕೊಂಡೆ. ನಮ್ಮ ಬೀದಿಯ ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿಕೊಟ್ಟರು. ಅಮ್ಮನ ಹತ್ತಿರ ಊಟಕ್ಕೆ ಕೂರುವ ಹಳೆಯ ಹಲಸಿನ ಮಣೆಯಿತ್ತು. ಬಡಗಿ ಅದಕ್ಕೆ ಗುಳಿ ಕೊರೆದು ಗುಂಡಿಗಳನ್ನು ಕೂರಿಸಿದರು. ಎಡಪಾದದ ಹೆಬ್ಬೆರಳ ಕೆಳಗೆ ಬಲಕ್ಕೆ ಹೋಗುವ ಗುಂಡಿ, ಕಿರುಬೆರಳ ಬದಿಗೆ ಎಡಕ್ಕೆ ಹೋಗುವುದು, ಹಿಮ್ಮಡಿಯ ಕೆಳಗೆ ಕುಕ್ಕರಿಸುವುದು. ಜಿಗಿಯುವ ಗುಂಡಿ ಬಲಪಾದಕ್ಕೆ. ಮಣೆ ಜಾರದಂತೆ ಅಡಿಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ಅಂಟಿಸಿದ್ದೇನೆ. ಹೊಡೆಯುವ, ಒದೆಯುವ ಗುಂಡಿಗಳೆಲ್ಲ ಮೇಜಿನ ಮೇಲೆ, ಬಲಗೈಗೆ.

ಈ ಆಟ ಗೊತ್ತಿರುವವರಿಗೆ ಗೊತ್ತು: ಬೆಂಕಿಯ ಚೆಂಡು ಎಸೆಯಬೇಕಾದರೆ ಕೆಳಗೆ, ಕೆಳಗೆ-ಮುಂದಕ್ಕೆ, ಮುಂದಕ್ಕೆ, ಆಮೇಲೆ ಗುದ್ದು. ನಿಮಗೆ ಅದು ಹೆಬ್ಬೆರಳಿನ ಒಂದು ಸಣ್ಣ ಹೊರಳು. ನನಗೆ ಹಿಮ್ಮಡಿ ಊರಬೇಕು, ಊರಿದ ಹಿಮ್ಮಡಿಯನ್ನು ಎತ್ತದೆ ಹೆಬ್ಬೆರಳನ್ನು ಒತ್ತಬೇಕು, ಹೆಬ್ಬೆರಳನ್ನು ಬಿಡದೆ ಹಿಮ್ಮಡಿ ಎತ್ತಬೇಕು, ಅಷ್ಟರಲ್ಲಿ ಬಲಗೈ ಗುದ್ದಿನ ಗುಂಡಿ ಒತ್ತಬೇಕು. ಎದುರಾಳಿ ನನ್ನ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ಹೋದರೆ ಎಲ್ಲವೂ ತಿರುಗುಮುರುಗು; ಆಗ ಹೆಬ್ಬೆರಳಿನ ಕೆಲಸ ಕಿರುಬೆರಳಿನದಾಗುತ್ತದೆ. ಇದಿಷ್ಟನ್ನು ಹತ್ತರಲ್ಲಿ ಒಂಬತ್ತು ಸಲ ತಪ್ಪದೆ ಮಾಡಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ಮೂರು ತಿಂಗಳು ರಾತ್ರಿ ಮೀನಖಂಡ ಹಿಡಿದುಕೊಂಡು ನಿದ್ದೆ ಬರುತ್ತಿರಲಿಲ್ಲ.

ಈ ಮಣೆಯನ್ನು ಚೀಲದಲ್ಲಿ ಹೊತ್ತುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದೆ. ನೋಂದಣಿ ಶುಲ್ಕ ಕಟ್ಟಿದ್ದೆ. ನನ್ನ ಕಂಟ್ರೋಲರ್ ಎಂಥದ್ದು ಎಂದು ಫೋಟೊ ಸಹಿತ ಮೂರು ವಾರ ಮುಂಚೆಯೇ ಮಿಂಚಂಚೆ ಬರೆದಿದ್ದೆ; ಉತ್ತರ ಬಂದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಸ್ಥಳದಲ್ಲಿ ಮಣೆಯನ್ನು ಹೊರತೆಗೆದಾಗ ಸ್ವಯಂಸೇವಕ ಹುಡುಗ ತೀರ್ಪುಗಾರರನ್ನು ಕರೆದ. ತೀರ್ಪುಗಾರರು ಸಂಘಟಕರನ್ನು ಕರೆದರು. ನಿಯಮಾವಳಿ ತೆರೆದು ನೋಡಿದರು: ಸಾಮಾನ್ಯ ಕಂಟ್ರೋಲರ್, ಆರ್ಕೇಡ್ ಸ್ಟಿಕ್ (ಹಿಡಿಕೋಲಿರುವ ಸಾಧನ), ಕೀಬೋರ್ಡ್ ಮತ್ತು ಲಿವರ್‌ಲೆಸ್ (ಹಿಡಿಕೋಲಿಲ್ಲದ) ಕಂಟ್ರೋಲರ್‌ಗಳಿಗೆ ಮಾತ್ರ ಅವಕಾಶ. ಮಾರ್ಪಡಿಸಿದ ಸಾಧನಗಳಿಗೆ ಅವಕಾಶವಿಲ್ಲ. ಇದು ಮಾರ್ಪಡಿಸಿದ್ದಲ್ಲವೇ ಎಂದು ಕೇಳಿದರು. ಹೌದು ಎಂದೆ. ಅಂಗವಿಕಲತೆ ಎಷ್ಟು ಪ್ರತಿಶತ ಎಂದು ಕೇಳಿದರು. ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೋರಿಸಿದೆ. ಇನ್ನೊಬ್ಬ ಸ್ಪರ್ಧಿ, ಕಾಲಿನಲ್ಲೂ ಗುಂಡಿ ಇದ್ದರೆ ಬಲಗೈಗೆ ಕೆಲಸ ಕಡಿಮೆ, ಅದು ಅನುಕೂಲ ಅಲ್ಲವೇ ಎಂದ. ಅವನು ಕೇಳಿದ್ದು ಪ್ರಾಮಾಣಿಕವಾಗಿಯೇ. ಅದಕ್ಕೆ ಉತ್ತರ ನನ್ನಲ್ಲಿತ್ತು, ಆದರೆ ಪಂದ್ಯಗಳು ತಡವಾಗುತ್ತಿದ್ದವು. ಇಪ್ಪತ್ತು ನಿಮಿಷಗಳಲ್ಲಿ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದರು. ಎದುರಾಳಿಗೆ ನೇರ ಜಯ.

ಶುಲ್ಕ ಹಿಂದಿರುಗಿಸಿದರು. ಆಮೇಲೆ ಸಂಘಟಕರೇ ಬಂದು, ಸಂಜೆ ಫೈನಲ್‌ಗೆ ಮೊದಲು ವೇದಿಕೆಯ ಮೇಲೆ ನನ್ನದೊಂದು ಪ್ರದರ್ಶನ ಪಂದ್ಯ ಇಡುವುದಾಗಿಯೂ ವಿಡಿಯೋ ಮಾಡಿ ಹಾಕುವುದಾಗಿಯೂ ಹೇಳಿದರು. ಎಲ್ಲರಿಗೂ ಸ್ಫೂರ್ತಿಯಾಗುತ್ತದೆ ಎಂದರು. ನಾನು ಒಪ್ಪಲಿಲ್ಲ. ಅವರಿಗೆ ಬೇಸರವಾಯಿತು. ನನ್ನ ನಿರಾಕರಣೆಯನ್ನು ಅಹಂಕಾರ ಎಂದು ಅವರು ತಿಳಿದಿರಬಹುದು. ದಯವಿಟ್ಟು ಹಾಗೆ ತಿಳಿಯಬೇಡಿ. ಸ್ಪರ್ಧೆಗೆ ನ್ಯಾಯವಲ್ಲದ ಮಣೆ ಚಪ್ಪಾಳೆಗೆ ಮಾತ್ರ ನ್ಯಾಯವಾಗುವುದು ಹೇಗೆ? ಎದುರಾಳಿ ಕೈ ತಡೆದು ಆಡುವ ಪಂದ್ಯದಲ್ಲಿ ಗೆದ್ದರೂ ನನಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಸುತ್ತಿನಲ್ಲೇ ಯಾರಾದರೂ ನನ್ನನ್ನು ಚೆನ್ನಾಗಿ ಸೋಲಿಸಿದ್ದರೆ, ನನ್ನ ಆಟದಲ್ಲಿ ಎಲ್ಲಿ ಲೋಪವಿದೆ ಎಂದಾದರೂ ಕಲಿತು ಬರುತ್ತಿದ್ದೆ.

ಈಗ ಆ ಸ್ಪರ್ಧಿಯ ಪ್ರಶ್ನೆಗೆ ಬರುತ್ತೇನೆ. ಅನುಕೂಲ ಎಂದರೇನು? ಫೈಟಿಂಗ್ ಆಟಗಳ ಲೋಕ ಈ ಪ್ರಶ್ನೆಯನ್ನು ಮೊದಲ ಸಲ ಎದುರಿಸುತ್ತಿಲ್ಲ. ಸ್ಟಿಕ್ಕಿನ ಬದಲು ಬರೀ ಗುಂಡಿಗಳಿರುವ ಲಿವರ್‌ಲೆಸ್ ಕಂಟ್ರೋಲರ್‌ಗಳು ಬಂದಾಗಲೂ ಇದೇ ವಾದ ನಡೆದಿತ್ತು. ಎಡ ಮತ್ತು ಬಲ ಒಟ್ಟಿಗೆ ಒತ್ತುವ ಸಾಧ್ಯತೆ ಅದರಲ್ಲಿ ಇರುವುದರಿಂದ, ಹಾಗೆ ಒತ್ತಿದರೆ ಎರಡೂ ರದ್ದಾಗಬೇಕು ಎಂದು ನಿಯಮ ಮಾಡಿದರು. ಸಾಧನವನ್ನೇ ಹೊರಗಿಡಲಿಲ್ಲ, ಅದರ ಯಾವ ನಡವಳಿಕೆ ಒಪ್ಪಿತ, ಯಾವುದು ಅಲ್ಲ ಎಂದು ಬರೆದರು. ಇನ್ನೊಂದು ಉದಾಹರಣೆ ಈ ಆಟದೊಳಗೇ ಇದೆ. ಸ್ಟ್ರೀಟ್ ಫೈಟರ್ 6ರಲ್ಲಿ ಮಾಡರ್ನ್ ಎಂಬ ನಿಯಂತ್ರಣ ಕ್ರಮವಿದೆ. ಅದರಲ್ಲಿ ಆ ಕಷ್ಟದ ಹೊರಳುಗಳನ್ನು ಒಂದೇ ಗುಂಡಿಯಿಂದ ಮಾಡಬಹುದು, ಬದಲಿಗೆ ಹೊಡೆತದ ಬಲ ಶೇ 20ರಷ್ಟು ಕಡಿಮೆಯಾಗುತ್ತದೆ. ಅದನ್ನು ಬಳಸುವವರು ಪಂದ್ಯಾವಳಿಗಳಲ್ಲಿ ಎಲ್ಲರ ಜೊತೆಗೇ ಆಡುತ್ತಾರೆ. ಅಂದು ನಿಮ್ಮ ಪಂದ್ಯಾವಳಿಯಲ್ಲೂ ಆಡಿದರು. ಸುಲಭದ ದಾರಿಗೆ ಬೆಲೆ ಕಟ್ಟಿ ಒಳಗೆ ಬಿಟ್ಟುಕೊಂಡಿರುವಾಗ, ಕಷ್ಟದ ದಾರಿಯಲ್ಲಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ.

ನನ್ನ ಮಣೆ ಒಂದು ಒತ್ತಿಗೆ ಒಂದೇ ಸಂಕೇತ ಕಳುಹಿಸುತ್ತದೆ. ಒಂದು ಗುಂಡಿ ಒತ್ತಿದರೆ ಐದು ಹೊಡೆತ ತಾನಾಗಿ ಸಾಲಾಗಿ ಹೋಗುವ ಮ್ಯಾಕ್ರೋ ಇಲ್ಲ, ಹಿಡಿದುಕೊಂಡರೆ ಪಟಪಟನೆ ಒತ್ತಿದಂತಾಗುವ ಟರ್ಬೊ ಇಲ್ಲ. ಅವು ಮೋಸ, ನಿಷೇಧಿಸಿರುವುದು ಸರಿ. ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ: ಕೆಲವು ನೆರವುಗಳು ನಿಜಕ್ಕೂ ಗಡಿಯ ಮೇಲೆ ನಿಲ್ಲುತ್ತವೆ. ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿಯಲಾಗದವರಿಗೆ, ಒಮ್ಮೆ ಒತ್ತಿದರೆ ಹಿಡಿದಂತೆಯೇ ಇದ್ದು ಮತ್ತೊಮ್ಮೆ ಒತ್ತಿದರೆ ಬಿಡುವ ಸೌಲಭ್ಯ ಬೇಕಾಗುತ್ತದೆ. ಅದು ಒಂದು ಆಟದಲ್ಲಿ ಏನೂ ಅಲ್ಲ, ಇನ್ನೊಂದರಲ್ಲಿ ದೊಡ್ಡ ಅನುಕೂಲವಾಗಬಹುದು. ಅಂಥ ಕಡೆ ಚರ್ಚೆಯಾಗಲಿ, ಪರೀಕ್ಷೆಯಾಗಲಿ, ಬೇಕಿದ್ದರೆ ಇಲ್ಲ ಎನ್ನಿ. ಆದರೆ ಪರೀಕ್ಷಿಸಿ ಇಲ್ಲ ಎನ್ನಿ. ನೋಡಿದೊಡನೆ ಇಲ್ಲ ಎನ್ನುವುದು ನ್ಯಾಯವಲ್ಲ.

ನಮ್ಮಂಥವರು ಈ ಆಟಗಳಿಗೆ ಹೊಸಬರೂ ಅಲ್ಲ. ಟೆಕ್ಸಾಸಿನ ಮೈಕ್ ಬೇಗಂ ಅವರನ್ನು ಫೈಟಿಂಗ್ ಆಟಗಳ ಲೋಕ ಬ್ರೋಲಿಲೆಗ್ಸ್ ಎಂದು ಬಲ್ಲದು. ಹುಟ್ಟಿನಿಂದಲೇ ಕೈಕಾಲುಗಳ ಕೀಲುಗಳು ಬಿಗಿದುಹೋಗಿದ್ದ ಅವರು ಮಂಚದ ಮೇಲೆ ಮಲಗಿ, ಮಾಮೂಲಿ ಕಂಟ್ರೋಲರನ್ನು ಮುಖದ ಹತ್ತಿರ ಇಟ್ಟುಕೊಂಡು ಬಾಯಿಯಿಂದ ಆಡುತ್ತಿದ್ದರು. ಜಗತ್ತಿನ ಅತಿ ದೊಡ್ಡ ಫೈಟಿಂಗ್ ಆಟಗಳ ಕೂಟವಾದ ಇವೋದಲ್ಲಿ ಉಳಿದವರ ಜೊತೆಗೇ ಸ್ಪರ್ಧಿಸಿದರು. 2023ರಲ್ಲಿ ತೀರಿಕೊಂಡರು. ಅವರ ಪಂದ್ಯಗಳನ್ನು ನೋಡಿಯೇ ನಾನು ಮಣೆ ಮಾಡಿಸುವ ಧೈರ್ಯ ಮಾಡಿದ್ದು. ಕತ್ತಿನಿಂದ ಕೆಳಗೆ ಚಲನೆಯಿಲ್ಲದ ರಾಕಿ ಸ್ಟೌಟನ್‌ಬರ್ಗ್, ಉಸಿರು ಎಳೆದು ಊದಿ ನಡೆಸುವ ಕ್ವಾಡ್‌ಸ್ಟಿಕ್ ಎಂಬ ಸಾಧನದಿಂದ ಫೋರ್ಟ್‌ನೈಟ್‌ನಂಥ ಧಾವಂತದ ಆಟವನ್ನು ಆಡಿ ಹೆಸರು ಮಾಡಿದವರು.

ಅಷ್ಟು ದೂರ ಹೋಗುವುದೂ ಬೇಡ. ಜಮ್ಮು ಮತ್ತು ಕಾಶ್ಮೀರದ ಕಿಶ್ತ್ವಾರದ ಶೀತಲ್ ದೇವಿಯವರಿಗೆ ಎರಡೂ ತೋಳುಗಳಿಲ್ಲ. ಪಾದದಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, ಬಾಯಿಯ ನೆರವಿನಿಂದ ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡ ವಿಭಾಗದಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಾಗ ಇಡೀ ದೇಶ ಎದ್ದು ನಿಂತಿತು. ಬಿಲ್ಲನ್ನು ಕಾಲಿನಲ್ಲಿ ಹಿಡಿದರೆ ಅದು ಮಾರ್ಪಡಿಸಿದ ಬಿಲ್ಲುಗಾರಿಕೆ ಎಂದು ಯಾರೂ ಅವರನ್ನು ಮನೆಗೆ ಕಳುಹಿಸಲಿಲ್ಲ. ಬಿಲ್ಲುಗಾರಿಕೆಯ ನಿಯಮ ಬರೆದವರು ಅಂಥವರೂ ಬರುತ್ತಾರೆ ಎಂದು ಮೊದಲೇ ಯೋಚಿಸಿದ್ದರು. ನಿಮ್ಮಿಂದ ನಾನು ಕೇಳುತ್ತಿರುವುದೂ ಆ ಮುಂದಾಲೋಚನೆಯನ್ನೇ.

ಇದು ನನ್ನೊಬ್ಬನ ತೊಂದರೆಯಾಗಿದ್ದರೆ ಪತ್ರವನ್ನು ಬಹಿರಂಗ ಮಾಡುತ್ತಿರಲಿಲ್ಲ. ಕಲಬುರಗಿ ಕಡೆಯ ನನ್ನೊಬ್ಬ ಗೆಳೆಯನಿಗೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆ. ಗಾಲಿಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಗುಂಡು ಹಾರಿಸುವ ತಂಡದ ಆಟ ಆಡುತ್ತಾನೆ. ಅವನ ಬೆರಳಿಗೆ ಪರದೆಯ ಉದ್ದಕ್ಕೆ ಜಾರುವ ಶಕ್ತಿ ಇಲ್ಲ, ಹಾಗಾಗಿ ಒಂದು ಸಣ್ಣ ಜಾಯ್‌ಸ್ಟಿಕ್ ಜೋಡಿಸಿಕೊಂಡಿದ್ದ. ಹೊರಗಿನ ಸಾಧನ ಬಳಸಿದ್ದಾನೆಂದು ಖಾತೆಯೇ ಸ್ಥಗಿತವಾಯಿತು. ಮೂರು ವರ್ಷ ಕಟ್ಟಿದ ಅಂಕಗಳು ಹೋದವು. ದೂರು ಕೊಟ್ಟರೆ ಬಂದದ್ದು ಯಂತ್ರ ಬರೆದ ಉತ್ತರ. ಇನ್ನೊಂದು ಆನ್‌ಲೈನ್ ಪಂದ್ಯಾವಳಿಯಲ್ಲಿ, ಆಡುವಾಗ ಎರಡೂ ಕೈಗಳು ಕಾಣುವಂತೆ ಕ್ಯಾಮೆರಾ ಇಡಬೇಕೆಂಬ ನಿಯಮ. ಅವನ ಕೈಗಳನ್ನು ನೇರ ಪ್ರಸಾರದಲ್ಲಿ ಕಂಡವರು ಬರೆದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಅವನು ಆ ಪಂದ್ಯಾವಳಿಯ ಮಧ್ಯದಲ್ಲೇ ಕ್ಯಾಮೆರಾ ಆರಿಸಿದ, ತಂಡವನ್ನು ಅನರ್ಹಗೊಳಿಸಿದರು. ನಮ್ಮ ರಾಜ್ಯದಲ್ಲಿ ಹೆಚ್ಚಿನ ಮಕ್ಕಳು ಆಡುವುದು ಮೊಬೈಲಿನಲ್ಲೇ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಯಂತ್ರ ಕೊಳ್ಳುವ ಶಕ್ತಿ ಎಷ್ಟು ಮನೆಗಳಲ್ಲಿದೆ? ಹಾಗಿರುವಾಗ ಮೊಬೈಲ್ ಪಂದ್ಯಾವಳಿಗಳ ನಿಯಮಗಳೇ ಮೊದಲು ತಿದ್ದುಪಡಿಯಾಗಬೇಕು.

ಮೋಸ ತಡೆಯುವ ಬಲೆಯಲ್ಲಿ ನಮ್ಮಂಥವರು ಸಿಕ್ಕಿಕೊಳ್ಳುವುದು ಜಗತ್ತಿನ ಬೇರೆಡೆಯೂ ನಡೆದಿದೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಆಟದ ಯಂತ್ರಗಳಲ್ಲಿ ಅನುಮತಿಯಿಲ್ಲದ ಇತರ ಕಂಪನಿಗಳ ಪರಿಕರಗಳನ್ನು ತಡೆಯಲು ಮುಂದಾದಾಗ, ಅಂಥ ಪರಿಕರಗಳನ್ನೇ ನಂಬಿದ್ದ ಅಂಗವಿಕಲ ಆಟಗಾರರು ಎಲ್ಲಕ್ಕಿಂತ ಮೊದಲು ದಿಗಿಲುಗೊಂಡರು. ಅಡಾಪ್ಟಿವ್ ಕಂಟ್ರೋಲರ್ ಮಾಡಿದ ಸಂಸ್ಥೆಯೇ ಅದು. ಒಳ್ಳೆಯ ಮನಸ್ಸಿದ್ದವರಿಂದಲೂ ಹೀಗಾಗುತ್ತದೆ. ಆದ್ದರಿಂದಲೇ ನಮ್ಮ ಬಗೆಗಿನ ಸಾಲು ನಿಯಮದೊಳಗೆ ಇರಬೇಕು, ನಿಮ್ಮ ಒಳ್ಳೆಯತನದ ಮೇಲೆ ಬಿಟ್ಟಿರಬಾರದು.

ಕಾನೂನಿನ ಮಾತನ್ನೂ ಹೇಳಲೇಬೇಕು, ಬೆದರಿಕೆಗಾಗಿ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತಾರತಮ್ಯ ಎಂಬ ಪದವನ್ನು ವಿವರಿಸುವಾಗ, ಸಮಂಜಸವಾದ ಅನುಕೂಲ ಮಾಡಿಕೊಡಲು ನಿರಾಕರಿಸುವುದನ್ನೂ ಅದರಲ್ಲಿ ಸೇರಿಸಿದೆ. ಅದೇ ಕಾಯ್ದೆಯ 30ನೇ ಸೆಕ್ಷನ್, ಅಂಗವಿಕಲರು ಕ್ರೀಡಾ ಚಟುವಟಿಕೆಗಳಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಆಗ ಇ-ಕ್ರೀಡೆ ಕ್ರೀಡೆಯೇ ಎಂಬ ಪ್ರಶ್ನೆ ಏಳುತ್ತಿತ್ತು. ಈಗ ಅದಕ್ಕೂ ಉತ್ತರ ಸಿಕ್ಕಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಬಹುಕ್ರೀಡಾ ಕೂಟಗಳ ಭಾಗವಾದ ಇ-ಕ್ರೀಡೆಯನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಪದಕದ ಸ್ಪರ್ಧೆಯಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗೆ ಮಾನ್ಯತೆ ಕೊಟ್ಟಿತು. ಇ-ಕ್ರೀಡೆ ಎಂದರೇನು ಎಂದು ಹೇಳುವಾಗ ಆ ಕಾಯ್ದೆ, ಫಲಿತಾಂಶವನ್ನು ದೈಹಿಕ ಚುರುಕುತನ, ಮಾನಸಿಕ ಚುರುಕುತನ, ತಂತ್ರಗಾರಿಕೆಯಂಥ ಕೌಶಲಗಳು ಮಾತ್ರ ನಿರ್ಧರಿಸಬೇಕು ಎನ್ನುತ್ತದೆ. ಈ ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ದೈಹಿಕ ಚುರುಕುತನ ಎಂದಿದೆ. ಯಾವ ಅಂಗದ ಚುರುಕುತನ ಎಂದಿಲ್ಲ.

ಸಂಘಟಕರೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನಿಯಮಾವಳಿಯಲ್ಲಿ ಸಾಧನಗಳ ಹೆಸರುಗಳ ಪಟ್ಟಿ ಕೊಡುವ ಬದಲು ಸಾಧನದ ನಡವಳಿಕೆಯನ್ನು ಬರೆಯಿರಿ: ಒಂದು ಒತ್ತಿಗೆ ಒಂದೇ ಸಂಕೇತ, ಮ್ಯಾಕ್ರೋ ಬೇಡ, ಟರ್ಬೊ ಬೇಡ, ಎಡ-ಬಲ ಒಟ್ಟಿಗೆ ಬಂದರೆ ಎರಡೂ ರದ್ದು. ಈ ಷರತ್ತುಗಳನ್ನು ಪಾಲಿಸುವ ಯಾವ ಸಾಧನಕ್ಕೂ, ಅದು ಮಣೆಯಾಗಿರಲಿ, ಊದುವ ಕೊಳವೆಯಾಗಿರಲಿ, ಅವಕಾಶವಿರಲಿ. ಸಂದೇಹವಿದ್ದರೆ ಪಂದ್ಯದ ಹಿಂದಿನ ದಿನ ತಪಾಸಣೆಗೆ ಕರೆಯಿರಿ, ಬರುತ್ತೇವೆ. ಆಟದ ತರಬೇತಿ ಪರದೆಯಲ್ಲಿ ಪ್ರತಿಯೊಂದು ಒತ್ತೂ ಅಕ್ಷರದಂತೆ ಕಾಣುತ್ತದೆ, ಪರೀಕ್ಷೆಗೆ ಹತ್ತು ನಿಮಿಷ ಸಾಕು. ನಿರಾಕರಿಸುವುದೇ ಆದರೆ ಕಾರಣವನ್ನು ಲಿಖಿತವಾಗಿ, ನಾವು ಊರು ಬಿಟ್ಟು ಬಸ್ಸು ಹತ್ತುವ ಮೊದಲೇ ತಿಳಿಸಿ. ಕೈ ತೋರಿಸುವ ಕ್ಯಾಮೆರಾ ಬೇಕಿದ್ದರೆ ಆ ದೃಶ್ಯ ತೀರ್ಪುಗಾರರಿಗೆ ಮಾತ್ರ ಹೋಗಲಿ, ಪ್ರಸಾರಕ್ಕೆ ಬೇಡ. ಮತ್ತು ನಮಗಾಗಿ ಪ್ರತ್ಯೇಕ ವಿಭಾಗ ಮಾಡುವ ಯೋಚನೆ ಬಂದರೆ, ಅದು ಬೇಕಾದವರನ್ನು ಕೇಳಿ ಮಾಡಿ, ಆದರೆ ಮುಖ್ಯ ವಿಭಾಗದ ಬಾಗಿಲು ಮುಚ್ಚಿ ಮಾಡಬೇಡಿ. ಎತ್ತರದ ವೇದಿಕೆಗೆ ಗಾಲಿಕುರ್ಚಿ ಏರುವ ಇಳಿಜಾರಿನ ವಿಚಾರವನ್ನು ಮತ್ತೆ ನಾನು ಹೇಳಬೇಕಾಗಿ ಬರಬಾರದು. ಆದರೂ ಅಂದು ಅಲ್ಲಿ ಇರಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಮಾನ್ಯ ಸಚಿವರೇ, ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಿಂದ 2029ರ ಅವಧಿಗೆ ಅದರ ಹೊಸ ಆವೃತ್ತಿಯೂ ಬಂದಿದೆ. ಆಟಗಳನ್ನು ತಯಾರಿಸುವ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. ಸರ್ಕಾರದ ಹಣ, ಸ್ಥಳ ಅಥವಾ ಲಾಂಛನ ಪಡೆಯುವ ಯಾವುದೇ ಇ-ಕ್ರೀಡಾ ಪಂದ್ಯಾವಳಿಗೆ ಮೇಲೆ ಹೇಳಿದ ನಿಯಮಗಳು ಕಡ್ಡಾಯ ಎಂದು ನಿಮ್ಮ ಒಂದು ಸುತ್ತೋಲೆ ಸಾಕು. ಜಿಲ್ಲೆಗೊಂದರಂತೆ ಅಡಾಪ್ಟಿವ್ ಕಂಟ್ರೋಲರ್ ಮತ್ತು ಒಂದಷ್ಟು ಸ್ವಿಚ್‌ಗಳನ್ನು ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ಇಡಿಸಿದರೆ, ಕೊಳ್ಳಲಾಗದ ಮಕ್ಕಳು ಬಂದು ಹಿಡಿದು ನೋಡಬಹುದು, ತಮ್ಮ ಮೈಯಲ್ಲಿ ಯಾವ ಅಂಗಕ್ಕೆ ವೇಗವಿದೆ ಎಂದು ಕಂಡುಕೊಳ್ಳಬಹುದು. ಗಾಲಿಕುರ್ಚಿಗೆ ಶೇ 5ರ ಜಿಎಸ್‌ಟಿ ಇದೆ. ಇಂಥ ಕಂಟ್ರೋಲರ್‌ಗಳನ್ನೂ ಅಂಗವಿಕಲರ ನೆರವಿನ ಸಾಧನಗಳೆಂದು ಪರಿಗಣಿಸುವಂತೆ ರಾಜ್ಯದ ಪರವಾಗಿ ಜಿಎಸ್‌ಟಿ ಮಂಡಳಿಯಲ್ಲಿ ಪ್ರಸ್ತಾಪಿಸಲು ಹಣಕಾಸು ಇಲಾಖೆಗೆ ನೀವು ಬರೆಯಬೇಕೆಂದು ವಿನಂತಿಸುತ್ತೇನೆ.

ಕಳೆದ ವಾರ ಹಿಮ್ಮಡಿಯ ಗುಂಡಿ ಸವೆದು ಸಿಕ್ಕಿಕೊಳ್ಳುತ್ತಿತ್ತು, ಬದಲಿಸಿದ್ದೇನೆ. ಮಣೆಯ ಅಳತೆ, ತಂತಿ ಜೋಡಣೆಯ ಚಿತ್ರ, ಪ್ರತಿ ಗುಂಡಿ ಕಳುಹಿಸುವ ಸಂಕೇತದ ವಿವರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಯಾರು ಕೇಳಿದರೂ ಕೊಡುತ್ತೇನೆ. ತಮಗೂ ಇಂಥದ್ದೊಂದು ಬೇಕೆನ್ನುವವರಿಗೆ ಬಡಗಿಯ ಹತ್ತಿರ ನಾನೇ ಕರೆದೊಯ್ಯುತ್ತೇನೆ. ಮುಂದಿನ ಪಂದ್ಯಾವಳಿಗೆ ನೋಂದಣಿ ಶುರುವಾದ ದಿನವೇ ನನ್ನ ಅರ್ಜಿ ಆ ಹಾಳೆಯೊಂದಿಗೆ ನಿಮ್ಮನ್ನು ತಲುಪುತ್ತದೆ. ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ಆಟಗಾರ